ಒಂದೇ ಜಮಖಾನದ ಮೇಲೆ

ಸಾತಾರಾ ಜಿಲ್ಲೆಯ ನಾಯಗಾಂವವೆಂಬ ಹಳ್ಳಿಯಲ್ಲಿ 1831ರಲ್ಲಿ ಜನಿಸಿದ ಸಾವಿತ್ರಿಬಾಯಿ ಫುಲೆಯವರಿಗೆ ಅಕ್ಷರಜ್ಞಾನ ದೊರೆತುದು ವಿವಾಹಾನಂತರ, ಪತಿ ಜೋತಿಬಾ ಅವರಿಂದ. 1848ರಲ್ಲಿ ಪುಣೆಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ನಡೆದು ಹೋಗುವಾಗ ಜನರು ಸೆಗಣಿ, ಕಲ್ಲು ಎಸೆದರು. ಅವರು ಬದಲಿ ಸೀರೆಯೊಂದನ್ನು ಜೊತೆಗೊಯ್ಯತೊಡಗಿದರು.

ಇದಕ್ಕಿಂತಲೂ ಕಠಿಣವಾದ ಸಾಹಸವು 1852ರ ಸಂಕ್ರಾಂತಿಯದು. ತಮ್ಮ ಮಹಿಳಾ ಸೇವಾ ಮಂಡಳದ ಎಳ್ಳುಬೆಲ್ಲದ ಸಮಾರಂಭಕ್ಕೆ ಸಕಲ ಜಾತಿಗಳ ಸ್ತ್ರೀಯರನ್ನು ಆಹ್ವಾನಿಸಿ, ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತು ಭೇದವಿಲ್ಲದೆ ಅರಿಷಿಣ-ಕುಂಕುಮ ಸ್ವೀಕರಿಸತಕ್ಕದ್ದೆಂದು ಗೊತ್ತುಪಡಿಸಿದರು. ಕಲ್ಲೆಸೆದವರು ಹೊರಗಿನವರು, ಇಲ್ಲಿ ಒಲಿಸಿಕೊಳ್ಳಬೇಕಾದುದು ಸ್ವತಃ ಸ್ತ್ರೀಯರ ಮನಸ್ಸನ್ನೇ ಅಲ್ಲವೆ?

1877ರ ಭೀಕರ ಕ್ಷಾಮದಲ್ಲಿ ಜುನ್ನರ ಸೀಮೆಯ ಓತೂರಿನಲ್ಲಿದ್ದು ಹಸಿದ ಹಳ್ಳಿಗರಿಗಾಗಿ ಶ್ರಮಿಸಿದರು. 1897ರಲ್ಲಿ ಪ್ಲೇಗುಪೀಡಿತ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಆ ರೋಗವೇ ತಗುಲಿ ಮಾರ್ಚ್ 10ರಂದು ದೇಹವಿಟ್ಟರು.