ಮೈಲಾರ ಮಹಾದೇವಪ್ಪ: ಅಹಿಂಸಾವ್ರತದ ಒರೆಗಲ್ಲು

ವ್ರತವೆಂದರೆ ಕೇವಲ ಆಹಾರತ್ಯಾಗವಲ್ಲ. ಕಷಾಯಗಳನ್ನು ಸಂಕಲ್ಪಪೂರ್ವಕವಾಗಿ ನಿಗ್ರಹಿಸುವುದೇ ಅದರ ತಿರುಳು. ಜೈನೇತರ ಕುಲದಲ್ಲಿ ಜನಿಸಿಯೂ ಈ ತತ್ತ್ವವನ್ನು ಬಾಳಿನಲ್ಲಿ ಒರೆಗೆ ಹಚ್ಚಿದ ಕನ್ನಡಿಗರಲ್ಲಿ ಮೈಲಾರ ಮಹಾದೇವಪ್ಪನವರು ಸ್ಮರಣೀಯರು.

ಅವರು 1911ರ ಜೂನ್ 8ರಂದು ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ ಮಾರ್ತಾಂಡಪ್ಪ-ಬಸಮ್ಮ ದಂಪತಿಗಳಿಗೆ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಖಾದಿಯ ಕಾರ್ಯಕ್ಕೆ ಮನಸೋತು ಸಾಬರಮತಿ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಂಡಿಗೆ ಹೊರಟ 78 ಮಂದಿಯಲ್ಲಿ 18ರ ಹರೆಯದ ಇವರೊಬ್ಬರೇ ಕರ್ನಾಟಕದವರು. ಹೊಡೆದರೂ ಕೈಯೆತ್ತಬಾರದೆಂಬುದು ಆ ಯಾತ್ರಿಕರ ನಿಯಮವಾಗಿತ್ತು. ಅದೇ ವರ್ಷದ ಏಪ್ರಿಲ್ 23ರಂದು ಪೇಷಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ, ನಾಯಕರ ಬಂಧನವನ್ನು ಪ್ರತಿಭಟಿಸಿದ ನಿರಾಯುಧ ಪಠಾಣರ ಮೇಲೆ ಗುಂಡಿನ ಮಳೆಗರೆಯಲಾಯಿತು. ಸೇಡನ್ನೇ ಪೌರುಷವೆಂದು ಬಗೆದಿದ್ದ ಆ ನಾಡಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳು ಹಿಂಸೆಯನ್ನೂ ಪ್ರತೀಕಾರವನ್ನೂ ತ್ಯಜಿಸುವ ಶಪಥವನ್ನು ಕೈಕೊಂಡಿದ್ದರು. ಭಾಷೆ ಬೇರೆ, ಮತ ಬೇರೆ, ವ್ರತ ಒಂದೇ.

ಮಹಾದೇವಪ್ಪನವರ ಧರ್ಮಪತ್ನಿ ಸಿದ್ಧಮ್ಮನವರೂ ಸಾಬರಮತಿಗೆ ತೆರಳಿ, ಸತ್ಯಾಗ್ರಹದಲ್ಲಿ ಸೆರೆವಾಸವನ್ನು ಅನುಭವಿಸಿದರು. ಮುಂದೆ ದಂಪತಿಗಳು ಕೊರಡೂರಿನ ಆಶ್ರಮದಲ್ಲಿ ಗ್ರಾಮಸೇವೆಗೆ ತೊಡಗಿದರು.

1942ರ ಚಳವಳಿಯಲ್ಲಿ ವ್ರತದ ಕಠಿಣ ಪರೀಕ್ಷೆ ಎದುರಾಯಿತು. ಕರ್ನಾಟಕದ ಭೂಗತ ಕಾರ್ಯಕರ್ತರು ಸರಕಾರದ ದಫ್ತರಗಳನ್ನು ಸುಟ್ಟರು, ಕಂದಾಯವನ್ನು ಕಸಿದರು. ಆದರೆ ಪ್ರಾಣಹಾನಿಯಾಗಬಾರದೆಂಬ ಕಟ್ಟಳೆಯನ್ನು ಹಾಕಿಕೊಂಡರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮಹಾದೇವಪ್ಪನವರೂ, ಸಂಗಡಿಗರಾದ ತಿರಕಪ್ಪ ಮಡಿವಾಳ ಮತ್ತು ವೀರಯ್ಯ ಹಿರೇಮಠರೂ ಬಲಿಯಾದರು. ಆಗ ಮಹಾದೇವಪ್ಪನವರಿಗೆ 31 ವರ್ಷ.

ಇಲ್ಲಿ ಶ್ರಾವಕರು ವಿಚಾರಮಾಡತಕ್ಕ ಅಂಶವೊಂದಿದೆ. ಜೀವಹಿಂಸೆಯನ್ನು ವರ್ಜಿಸಿದರೆ ಸಾಕೇ? ಕೊಡದುದನ್ನು ತೆಗೆದುಕೊಳ್ಳುವುದು ಅಚೌರ್ಯವ್ರತಕ್ಕೆ ಸಲ್ಲುವುದೇ? 1944ರಲ್ಲಿ ಸೆರೆಯಿಂದ ಬಿಡುಗಡೆ ಹೊಂದಿದ ಗಾಂಧೀಜಿಯವರು ಗುಪ್ತಕಾರ್ಯವನ್ನೂ ಸ್ವತ್ತಿನ ನಾಶವನ್ನೂ ಒಪ್ಪಲಿಲ್ಲ. ಪ್ರಜೆಗಳಿಂದ ಎತ್ತಿದ ಹಣ ಪ್ರಜೆಗಳದೇ ಎಂಬುದು ಆ ಕಾರ್ಯಕರ್ತರ ಭಾವನೆ. ನಮ್ಮ ಆಚಾರ್ಯರು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ರಾಗದ್ವೇಷಗಳಲ್ಲಿ ಕಂಡರು. ಈ ಅಳತೆಗೋಲಿನಿಂದ ಆ ಕೃತ್ಯವನ್ನು ಪೂರ್ಣ ನಿರ್ದೋಷವೆನ್ನಲಾಗದು. ಆದರೆ ಕೊಲ್ಲಬಾರದೆಂಬ ಕಟ್ಟಳೆಯೊಡನೆ ಗುಂಡಿನೆದುರು ಹೋದವರ ಸಂಯಮವನ್ನು ಅಲ್ಲಗಳೆಯಲೂ ಆಗದು. ಅವರದು ಮಹಾವ್ರತವಲ್ಲ, ಗೃಹಸ್ಥನ ಅಪೂರ್ಣ ವ್ರತ.

ನಮ್ಮವೂ ಅಂತಹವೇ. ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಕೊಳ್ಳುವ ಅರೆಕೆರೆಯ ಶ್ರಾವಕ-ಶ್ರಾವಿಕೆಯರು ಅನ್ನದೊಡನೆ ಒಂದು ಹಳೆಯ ವೈರವನ್ನೂ ತ್ಯಜಿಸಲಿ. ಉತ್ತಮ ಕ್ಷಮೆಯಿಲ್ಲದ ಉಪವಾಸವು ಬರಿಯ ಲಂಘನವಷ್ಟೆ.