ಗ್ರಂಥಾಲಯ ಶಿಲ್ಪಿ ರಂಗನಾಥನ್

ಊರೆಂದ ಮೇಲೆ ಅಲ್ಲಿ ಒಂದು ಗುಡಿ, ಒಂದು ಕೆರೆ, ಒಂದು ಶಾಲೆ ಇರಬೇಕೆಂಬುದು ನಮ್ಮ ಹಿರಿಯರ ಎಣಿಕೆಯಾಗಿತ್ತು. ಅವುಗಳ ಸಾಲಿಗೆ ಗ್ರಂಥಾಲಯವೂ ಸೇರಬೇಕು. ಅದರ ಬಾಗಿಲು ಧನಿಕ ಬಡವರೆನ್ನದೆ ಎಲ್ಲರಿಗೂ ತೆರೆದಿರಬೇಕು. ಅದನ್ನು ಸಾಕಿ ಸಲಹುವ ಹೊಣೆ ಸಮಾಜದ್ದಾಗಿರಬೇಕು ಎಂದು ಸಾರಿ, ಆ ಮಾತನ್ನು ಶಾಸನದ ರೂಪಕ್ಕೆ ತರಲು ಜೀವಮಾನವಿಡೀ ದುಡಿದ ಮಹನೀಯರು ಡಾ. ಎಸ್. ಆರ್. ರಂಗನಾಥನ್.

ಶಿಯಾಳಿ ರಾಮಾಮೃತ ರಂಗನಾಥನ್‌ರವರು 1892ರ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಇನ್ನೂ ಆರು ವರ್ಷದ ಬಾಲಕರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಅವರಿಗೆ ಉಗ್ಗಿನ ತೊಂದರೆಯಿತ್ತು. ಇವಾವುವೂ ಅವರ ವಿದ್ಯಾಭ್ಯಾಸಕ್ಕೆ ಅಡ್ಡಿಯಾಗಲಿಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ 1916ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಮರುವರ್ಷವೇ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಕಗೊಂಡರು. ಹೀಗೆ ಮುಂದೆ ಜಗದ್ವಿಖ್ಯಾತರಾಗಲಿದ್ದ ವ್ಯಕ್ತಿಯೊಬ್ಬರ ವೃತ್ತಿಜೀವನವು ಕನ್ನಡ ಕರಾವಳಿಯಲ್ಲಿ ಆರಂಭವಾಯಿತು. ಅನಂತರ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಪಾಠ ಹೇಳಿ ಒಳ್ಳೆಯ ಶಿಕ್ಷಕರೆಂಬ ಹೆಸರನ್ನು ಗಳಿಸಿದರು.

ಆಗ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲರನ್ನು ಅರಸುತ್ತಿತ್ತು. ರಂಗನಾಥನ್‌ರವರು ಆ ಹುದ್ದೆಗೆ ಆಯ್ಕೆಯಾಗಿ 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಆದರೆ ವಿದ್ಯಾರ್ಥಿಗಳ ಕಲರವದ ನಡುವೆ ಬಾಳಿದವರಿಗೆ ಓದುಗರಿಲ್ಲದ ಆ ಮೌನವು ಸೆರೆಮನೆಯಂತೆ ತೋರಿತು. ಕೆಲವೇ ದಿನಗಳಲ್ಲಿ ಅವರು ತಮ್ಮ ಹಳೆಯ ಕಾಲೇಜಿಗೆ ಹೋಗಿ, ತಮ್ಮನ್ನು ಮರಳಿ ಅಧ್ಯಾಪಕರನ್ನಾಗಿ ತೆಗೆದುಕೊಳ್ಳಬೇಕೆಂದು ಕೇಳಿಕೊಂಡರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಶಾಸ್ತ್ರದ ತರಬೇತಿ ಪಡೆದು ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ಕಾಲೇಜಿಗೆ ಹಿಂದಿರುಗಬಹುದು ಎಂಬ ಒಪ್ಪಂದದ ಮೇಲೆ ಅವರು ಹಡಗು ಹತ್ತಿದರು.

ಆ ಪ್ರವಾಸವು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಲಂಡನ್ನಿನಲ್ಲಿ ಶಿಕ್ಷಣ ಪಡೆಯುತ್ತ ಅವರು ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಅಲ್ಲಿ ಕಾರ್ಮಿಕರು, ಗೃಹಿಣಿಯರು, ಮಕ್ಕಳು ನಿಸ್ಸಂಕೋಚವಾಗಿ ಒಳಬಂದು ಪುಸ್ತಕಗಳನ್ನು ಒಯ್ಯುತ್ತಿದ್ದರು. ಇದರ ಹಿಂದಿನ ಗುಟ್ಟೇನೆಂದು ಅವರು ಪರಿಶೀಲಿಸಿದರು. ಬ್ರಿಟನ್ನಿನಲ್ಲಿ 1850ರಷ್ಟು ಹಿಂದೆಯೇ ಸಾರ್ವಜನಿಕ ಗ್ರಂಥಾಲಯ ಶಾಸನವು ಜಾರಿಗೆ ಬಂದಿತ್ತು. ಪಟ್ಟಣದ ಜನರು ಕಟ್ಟುವ ತೆರಿಗೆಯ ಒಂದು ಅಲ್ಪಾಂಶವು ಗ್ರಂಥಾಲಯಕ್ಕೆ ಸಲ್ಲುತ್ತಿತ್ತು. ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ಧನಸಹಾಯ ಮಾಡಿದ್ದನು. ಆದರೆ ಊರಿನವರು ನಿವೇಶನವನ್ನು ಒದಗಿಸಬೇಕು, ತಾನಿತ್ತ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ನಿರ್ವಹಣೆಗಾಗಿ ತೆಗೆದಿರಿಸಬೇಕು ಎಂಬುದು ಅವನ ಕರಾರಾಗಿತ್ತು. ಕಟ್ಟಡವನ್ನು ಒಮ್ಮೆ ಎಬ್ಬಿಸಿದರೆ ಸಾಲದು. ಹೊಸ ಪುಸ್ತಕ, ದೀಪ, ಸಿಬ್ಬಂದಿಯ ಸಂಬಳ ಇವುಗಳಿಗೆ ವರ್ಷವರ್ಷವೂ ಹಣ ಬೇಕು ಎಂಬ ವ್ಯವಹಾರಜ್ಞಾನ ಅದರಲ್ಲಿ ಅಡಗಿತ್ತು.

1925ರಲ್ಲಿ ರಂಗನಾಥನ್‌ರವರು ಸ್ವದೇಶಕ್ಕೆ ಮರಳಿದರು. ಪುಸ್ತಕಗಳನ್ನು ವಿಷಯಾನುಸಾರವಾಗಿ ವಿಂಗಡಿಸುವ ಹೊಸ ಕ್ರಮವೊಂದು ಅವರ ಮನಸ್ಸಿನಲ್ಲಿ ಮೊಳೆತಿತ್ತು. ಬಿಡಿಬಿಡಿ ತುಣುಕುಗಳನ್ನು ಜೋಡಿಸಿ ಬಗೆಬಗೆಯ ಆಕೃತಿಗಳನ್ನು ರಚಿಸುವ ಆಟಿಕೆಯೊಂದನ್ನು ಲಂಡನ್ನಿನ ಅಂಗಡಿಯಲ್ಲಿ ಕಂಡಾಗ ಹೊಳೆದ ವಿಚಾರ ಅದು. ಹಿಂದಿರುಗುವ ಹಡಗಿನ ಪುಸ್ತಕಭಂಡಾರದ ಮೇಲೆಯೇ ಅದನ್ನು ಪ್ರಯೋಗಿಸಿ ನೋಡಿದರು. 1933ರಲ್ಲಿ ಅದು ಕೋಲನ್ ವರ್ಗೀಕರಣ ಎಂಬ ಗ್ರಂಥವಾಗಿ ಪ್ರಕಟವಾಯಿತು. ಕಾಲೇಜಿಗೆ ಹಿಂದಿರುಗುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸುಮಾರು ಎರಡು ದಶಕಗಳ ಕಾಲ ರಜೆಯನ್ನೇ ಬಯಸದೆ ಮದರಾಸಿನ ಗ್ರಂಥಾಲಯದಲ್ಲಿ ದುಡಿದರು.

ಬೀರುಗಳಲ್ಲಿ ಬೀಗ ಹಾಕಿಟ್ಟಿದ್ದ ಪುಸ್ತಕಗಳನ್ನು ಅವರು ಓದುಗರ ಕೈಗೆಟುಕುವಂತೆ ತೆರೆದಿಟ್ಟರು. 1931ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ವಿವರಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅವುಗಳಲ್ಲಿ ಮೊದಲನೆಯ ತತ್ತ್ವ. ಓದುಗನಿಗೆ ತನ್ನ ಪುಸ್ತಕವೂ ಪುಸ್ತಕಕ್ಕೆ ತನ್ನ ಓದುಗನೂ ದೊರೆಯಬೇಕೆಂಬುದು, ಓದುಗನ ಸಮಯ ವ್ಯರ್ಥವಾಗಬಾರದೆಂಬುದು, ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತದೆಂಬುದು ಉಳಿದವುಗಳ ತಾತ್ಪರ್ಯ.

ನೋಡಲು ಸರಳವಾದ ಈ ಸೂತ್ರಗಳು ಗ್ರಂಥಾಲಯ ಕಟ್ಟಡದ ಯೋಜನೆಗೂ ದಾರಿದೀಪವಾದವು. ಪುಸ್ತಕವು ಬಳಕೆಗಾಗಿ ಎನ್ನುವುದಾದರೆ ಗ್ರಂಥಾಲಯವು ಊರ ಹೊರಗಿನ ಏಕಾಂತದಲ್ಲಿರಬಾರದು. ಜಾಣ ವ್ಯಾಪಾರಿಯು ಜನಸಂಚಾರವಿರುವೆಡೆಯಲ್ಲಿ ಅಂಗಡಿ ತೆರೆಯುವಂತೆ, ಅದೂ ಪೇಟೆಯ ನಡುವೆ ಇರಬೇಕು. ಓದುಗನ ಸಮಯ ಉಳಿಯಬೇಕಾದರೆ, ಏಣಿಯ ಹಂಗಿಲ್ಲದೆ ನೆಲದ ಮೇಲೆ ನಿಂತಂತೆಯೇ ಮೇಲಿನ ಪುಸ್ತಕವು ಕೈಗೆ ಸಿಗಬೇಕು. ಗ್ರಂಥಾಲಯವು ಬೆಳೆಯುವುದೆಂದಾದರೆ ಇಂದಿನ ಪುಸ್ತಕಗಳಿಗಷ್ಟೇ ಜಾಗ ಮಾಡಿ ಗೋಡೆ ಕಟ್ಟಿಬಿಡುವುದು ಅವಿವೇಕ. ಮುಂದೆ ವಿಸ್ತರಿಸಲು ಅವಕಾಶವಿರಬೇಕು. 1936ರಲ್ಲಿ ಮದರಾಸಿನ ಕಡಲತೀರದಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಸ್ವಂತ ಕಟ್ಟಡವನ್ನು ಪಡೆದಾಗ ಅವರ ಬಹುಕಾಲದ ಹಂಬಲವು ಕೈಗೂಡಿತು.

ಆದರೆ ಹಳ್ಳಿಯ ರೈತನಿಗೂ ಪೇಟೆಯ ಕೂಲಿಗಾರನಿಗೂ ವಿಶ್ವವಿದ್ಯಾನಿಲಯದ ಗ್ರಂಥಾಲಯದಿಂದ ಏನು ಪ್ರಯೋಜನ? ಈ ಪ್ರಶ್ನೆಯು ಅವರನ್ನು ಸದಾ ಕಾಡುತ್ತಿತ್ತು. 1928ರಲ್ಲಿ ಸ್ಥಾಪಿತವಾದ ಮದರಾಸು ಗ್ರಂಥಾಲಯ ಸಂಘದ ಮೂಲಕ ಅವರು ಜನಜಾಗೃತಿಯನ್ನು ಕೈಗೊಂಡರು. 1931ರಲ್ಲಿ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೊತ್ತು ಹಳ್ಳಿಹಳ್ಳಿಗೆ ಸಾಗಿತು. ಆದರೂ ದಾನಿಗಳ ಔದಾರ್ಯವೊಂದನ್ನೇ ನಂಬಿ ನಾಡಿನ ಎಲ್ಲ ಊರುಗಳಲ್ಲಿ ಗ್ರಂಥಾಲಯಗಳನ್ನು ನಡೆಸಲಾಗದೆಂದು ಅವರು ಅರಿತಿದ್ದರು. ದಾನವು ಮಳೆಯಂತೆ, ಬಂದಾಗ ಬಂತು. ಶಾಸನಬದ್ಧವಾದ ಕರವು ಊರ ಬಾವಿಯಂತೆ, ಬೇಸಗೆಯಲ್ಲಿಯೂ ನೀರು ಕೊಡಬಲ್ಲುದು. ಆದ್ದರಿಂದ 1930ರಲ್ಲಿಯೇ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ರಚಿಸಿ ವಿದ್ವಾಂಸರ ಮುಂದಿಟ್ಟಿದ್ದರು.

ಹೊಸ ಕರವೆಂದರೆ ಯಾವ ಕಾಲದಲ್ಲಿಯೂ ಯಾರಿಗೂ ಪ್ರಿಯವಲ್ಲ. 1933ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಮಂಡಿತವಾದ ಗ್ರಂಥಾಲಯ ಮಸೂದೆಯು ಶಾಸನವಾಗಲಿಲ್ಲ. ರಂಗನಾಥನ್‌ರವರು ಎದೆಗುಂದಲಿಲ್ಲ. 1946ರಲ್ಲಿ ಶಿಕ್ಷಣ ಸಚಿವರಾದ ಅವಿನಾಶಿಲಿಂಗಂ ಚೆಟ್ಟಿಯಾರರು ಈ ವಿಚಾರವನ್ನು ಎತ್ತಿಕೊಂಡರು. ಅದರ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಅಂಗೀಕೃತವಾಯಿತು. ಸ್ವತಂತ್ರ ಭಾರತದ ಮೊತ್ತಮೊದಲ ಗ್ರಂಥಾಲಯ ಶಾಸನವದು. ಉಡುಪಿ, ಕಾರ್ಕಳ, ಕಾಸರಗೋಡುಗಳನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಹಳೆಯ ಮೈಸೂರಿಗಿಂತ ಮೊದಲೇ ಈ ಕರಾವಳಿಗೆ ಗ್ರಂಥಾಲಯ ಶಾಸನದ ಪರಿಚಯವಾಯಿತು.

ಮುಂದೆ ಕಾಶಿ ಮತ್ತು ದೆಹಲಿಯ ವಿಶ್ವವಿದ್ಯಾನಿಲಯಗಳಲ್ಲಿ ಸೇವೆ ಸಲ್ಲಿಸಿ, ಕೆಲಕಾಲ ಸ್ವಿಟ್ಜರ್‌ಲೆಂಡಿನಲ್ಲಿದ್ದು, 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಹಾಗೂ ತರಬೇತಿ ಕೇಂದ್ರವನ್ನು ಆರಂಭಿಸಿದರು. ಅವರ ಮಾದರಿ ಮಸೂದೆಯ ತಳಹದಿಯ ಮೇಲೆ 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಶಾಸನವು ರೂಪುಗೊಂಡಿತು. ದಿವಾನ್ ಶೇಷಾದ್ರಿ ಅಯ್ಯರರ ಸ್ಮಾರಕವಾಗಿ ಕಬ್ಬನ್ ಉದ್ಯಾನದಲ್ಲಿ ಎದ್ದ ಕೆಂಪು ಕಟ್ಟಡದ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಇಂದು ಕರ್ನಾಟಕದಲ್ಲಿ ಆಸ್ತಿ ತೆರಿಗೆಯೊಡನೆ ಶೇಕಡಾ 6ರಷ್ಟು ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. ಅಂಬಲಪಾಡಿಯ ಗೃಹಸ್ಥನು 100 ರೂಪಾಯಿ ಮನೆತೆರಿಗೆ ಕಟ್ಟಿದರೆ ಅದರ ಮೇಲೆ 6 ರೂಪಾಯಿ ಪುಸ್ತಕಕ್ಕಾಗಿ ಸೇರುತ್ತದೆ. ಆ ಗ್ರಂಥಾಲಯವು ಯಾರೋ ಕೊಟ್ಟ ಭಿಕ್ಷೆಯಲ್ಲ, ಅವನ ಸ್ವಂತದ ಸೊತ್ತು.

ಪರರಿಂದ ಕರವನ್ನು ಬಯಸಿದ ರಂಗನಾಥನ್‌ರವರು ತಾವು ಕೊಡುವುದರಲ್ಲಿ ಹಿಂದೆ ಬೀಳಲಿಲ್ಲ. ಖಾದಿಯನ್ನುಟ್ಟು ಮಿತವ್ಯಯದಿಂದ ಬಾಳಿ ಉಳಿಸಿದ 1 ಲಕ್ಷ ರೂಪಾಯಿಗಳನ್ನು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪೀಠವನ್ನು ಸ್ಥಾಪಿಸಲೆಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು. ಭಾರತ ಸರಕಾರವು 1957ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನಿತ್ತು, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿ ಅವರನ್ನು ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಪ್ರತಿವರ್ಷ ಆಗಸ್ಟ್ 12ರಂದು ನಾಡಿನಾದ್ಯಂತ ಗ್ರಂಥಪಾಲಕರ ದಿನವನ್ನು ಆಚರಿಸಿ ಅವರನ್ನು ಸ್ಮರಿಸಲಾಗುತ್ತದೆ. ಅಂದು ಹಾರ ಹಾಕುವುದು ಉಚಿತವೇ ಸರಿ. ಆದರೆ ಗ್ರಂಥಾಲಯದ ಕಪಾಟಿನಿಂದ ವಿದ್ಯಾರ್ಥಿಯೊಬ್ಬನು ಪುಸ್ತಕವೊಂದನ್ನು ತೆಗೆದು ಓದಿ, ಜೋಪಾನವಾಗಿ ಮರಳಿಸಿದ ದಿನವೆಲ್ಲ ಅವರಿಗೆ ಸಲ್ಲುವ ನಿಜವಾದ ಗೌರವದ ದಿನವೇ ಆಗಿರುತ್ತದೆ.