ಹೂಗಳನ್ನು ಒಣಗಿಸಿಟ್ಟ ಬುಕಾನನ್

ಮಕ್ಕಳೇ, ಪುಸ್ತಕದ ನಡುವೆ ಇಟ್ಟ ಹೂವು ಹಪ್ಪಳದಂತೆ ಒಣಗುವುದನ್ನು ನೋಡಿದ್ದೀರಲ್ಲವೇ? ಹೀಗೆಯೇ ಗಿಡಗಳನ್ನು ಒಣಗಿಸಿ ಉಳಿಸಿದವರು ಫ್ರಾನ್ಸಿಸ್ ಬುಕಾನನ್.

ಇವರು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ವೃತ್ತಿಯಲ್ಲಿ ವೈದ್ಯರು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಇವರನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸಮೀಕ್ಷೆಗೆ ಕಳುಹಿಸಿತು. ಬೆಳೆ, ನೆಯ್ಗೆ, ಕಬ್ಬಿಣ ಕರಗಿಸುವ ವಿಧಾನಗಳನ್ನು ಬರೆದುಕೊಂಡರು. ದಾರಿಯಲ್ಲಿ ಸಿಕ್ಕ ಗಿಡಗಳನ್ನು ಸಂಗ್ರಹಿಸಿದರು. ನಿಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಈ ಸಮೀಕ್ಷೆ ಇತ್ತ ಬರಲಿಲ್ಲ.

1815ರಲ್ಲಿ ತಾಯ್ನಾಡಿಗೆ ಹೊರಟಾಗ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಇವರ ಚಿತ್ರಗಳನ್ನು ವಶಪಡಿಸಿಕೊಂಡರು. ಬುಕಾನನ್ ಬಹಳ ನೊಂದರು. 1829ರಲ್ಲಿ ತೀರಿಕೊಂಡರು. ಆದರೆ ಇವರು ಒಣಗಿಸಿದ ಗಿಡಗಳು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಂದಿಗೂ ಇವೆ. ನೀರಿನಂಶ ಹೋದರೆ ಬೂಷ್ಟು ಬೆಳೆಯುವುದಿಲ್ಲ. ಅದೇ ಗುಟ್ಟು!

ನೀವೂ ಮಾಡಿ ನೋಡಿ. ತಂಗಡಿ ಹೂವನ್ನು ಹಳೆಯ ದಿನಪತ್ರಿಕೆಯ ನಡುವೆ ಹರಡಿರಿ. ಮೇಲೆ ಶಹಾಬಾದ್ ಕಲ್ಲಿನ ತುಂಡು ಹೇರಿರಿ. ದಿನವೂ ಕಾಗದ ಬದಲಿಸಿರಿ. ವಾರ ಹತ್ತು ದಿನಗಳಲ್ಲಿ ಹೂವು ಒಣಗುತ್ತದೆ. ಅದನ್ನು ರಟ್ಟಿಗೆ ಅಂಟಿಸಿ ಹೆಸರು, ಊರು, ದಿನಾಂಕ ಬರೆಯಿರಿ. ಬರೆಯದಿದ್ದರೆ ಅದು ಎಲ್ಲಿಯ ಹೂವೆಂದು ಮುಂದೆ ಯಾರಿಗೂ ತಿಳಿಯದು.